ಸೊಲ್ಲಾಪುರದ ಸೇಠರು, ಬೆಂಗಳೂರಿನ ಕಾರ್ಖಾನೆ

ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಬಸ್ಸಿನೊಳಗೆ ಸಿಕ್ಕಿಕೊಂಡವರಿಗೆ ಎರಡೇ ಕೆಲಸ. ಒಂದು, ಗಡಿಯಾರ ನೋಡಿಕೊಳ್ಳೋದು. ಇನ್ನೊಂದು, ಕಿಟಕಿಯಾಚೆ ನೋಡೋದು. ಎಚ್‌ಎಎಲ್ ಕಾಂಪೌಂಡು ಕಂಡಾಗ ಪಕ್ಕದಲ್ಲಿ ನಿಂತವರನ್ನು ಕೇಳಿ ನೋಡಿ ಸ್ವಾಮಿ, ಈ ಕಾರ್ಖಾನೆ ಯಾರು ಶುರು ಮಾಡಿದ್ದು ಅಂತ. ಸರ್ಕಾರ ಅಂತಾರೆ. ಕೆಲವರು ನೆಹರೂ ಅಂತಾರೆ. ವಯಸ್ಸಾದ ಯಜಮಾನರು ಯಾರಾದರೂ ಇದ್ದರೆ ಮೈಸೂರು ಮಹಾರಾಜರು ಅಂತಾರೆ. ಯಜಮಾನರ ಉತ್ತರ ಅರ್ಧ ಸರಿ. ಉಳಿದರ್ಧದ ಹೆಸರು ವಾಲ್‌ಚಂದ್ ಹೀರಾಚಂದ್.

ಈ ಮಹಾಶಯರು ಕಣ್ಣು ಮುಚ್ಚಿ ಎಪ್ಪತ್ತು ವರ್ಷದ ಮೇಲಾಯಿತು. ಈಗ ಅವರನ್ನು ನೆನೆಯೋದಕ್ಕೆ ಕಾರಣ ಇದೆ. ದೇಶ ದಾಪುಗಾಲಿಟ್ಟು ಬೆಳೆಯುತ್ತಿದೆ. ರಸ್ತೆ ಸಾಲದು, ರೈಲು ಸಾಲದು, ಬಂದರು ಸಾಲದು. ಈ ಕೊರತೆಯೇ ಹೊರದೇಶದ ಕಂಪನಿಗಳಿಗೆ ಒಳ್ಳೆಯ ವ್ಯಾಪಾರ. ಅವರನ್ನು ಒಳಗೆ ಬಿಡಬೇಕೇ? ಬಿಟ್ಟರೆ ಯಾವ ಷರತ್ತಿನ ಮೇಲೆ? ನಾವು ಇದನ್ನು ಹೊಸ ತಲೆನೋವು ಅಂದುಕೊಂಡಿದ್ದೇವೆ. ಆದರೆ ಈ ಸೇಠರ ಬದುಕೆಲ್ಲ ಕಳೆದದ್ದು ಇದೇ ಪ್ರಶ್ನೆಯ ಹಿಂದೆ.

ಹತ್ತಿ ಬಿಟ್ಟರು, ಹಳಿ ಹಿಡಿದರು

ವಾಲ್‌ಚಂದರು ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ಗುಜರಾತಿ ಮೂಲದ ಜೈನ ಮನೆತನ. ಹತ್ತಿ ವ್ಯಾಪಾರ, ಲೇವಾದೇವಿ, ತುಂಬಿದ ಮನೆ. ಮುಂಬಯಿಯ ಸೇಂಟ್ ಝೇವಿಯರ್ಸ್, ಪುಣೆಯ ಡೆಕ್ಕನ್ ಕಾಲೇಜು ಅಂತ ಓದಿಗೆ ಹೋದರು. ಡಿಗ್ರಿ ಕೈಗೆ ಬರುವ ಮೊದಲೇ ವ್ಯಾಪಾರಕ್ಕೆ ವಾಪಸು ಬಂದರು. ಮನೆಯವರು ಗದ್ದಿಗೆಯ ಮೇಲೆ ಕೂರಿಸಿ ಲೆಕ್ಕದ ಪುಸ್ತಕ ಕೊಟ್ಟರೆ, ಆ ತರುಣನಿಗೆ ಅದು ಹಿಡಿಸಲೇ ಇಲ್ಲ.

ಲಕ್ಷ್ಮಣರಾವ್ ಫಾಟಕ್ ಎಂಬುವವರು ಹಿಂದೆ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು. ಅವರಿಗೆ ಕೆಲಸ ಗೊತ್ತು, ದುಡ್ಡಿಲ್ಲ. ಇವರ ಹತ್ತಿರ ದುಡ್ಡಿದೆ, ಕೆಲಸ ಕಲಿಯುವ ಆಸೆ. ಇಬ್ಬರೂ ಕೂಡಿ ಬಾರ್ಸಿ ಲೈಟ್ ರೈಲ್ವೆಯ ಗುತ್ತಿಗೆ ಹಿಡಿದರು. ಆಗಿನ ರೈಲ್ವೆ ಅಂದರೇನು? ಬಂಡವಾಳ ಲಂಡನ್ನಿನದು, ಎಂಜಿನ್ನು ಇಂಗ್ಲೆಂಡಿನದು, ಮೇಲಿನ ಸಾಹೇಬರೂ ಅಲ್ಲಿಯವರೇ. ನಮ್ಮವರ ಪಾಲಿಗೆ ಹೆಚ್ಚಾಗಿ ಬರ್ತಿದ್ದದ್ದು ಮಣ್ಣು ಹೊರೋ ಕೆಲಸ. ವಾಲ್‌ಚಂದರು ಮಣ್ಣಿನಿಂದಲೇ ಆರಂಭಿಸಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. 1920ರಲ್ಲಿ ಟಾಟಾ ಮನೆತನದ ಜತೆ ಸೇರಿ ಟಾಟಾ ಕನ್‌ಸ್ಟ್ರಕ್ಷನ್ ಕಂಪನಿ ಮಾಡಿದರು. ಮುಂಬಯಿ-ಪುಣೆ ನಡುವಿನ ಭೋರ್ ಘಾಟಿನಲ್ಲಿ ಬೆಟ್ಟ ಕೊರೆದು ರೈಲಿಗೆ ಸುರಂಗ ತೋಡಿಸಿದರು. ತಾನ್ಸಾ ಕೆರೆಯಿಂದ ಮುಂಬಯಿಗೆ ನೀರಿನ ಕೊಳವೆ ಹಾಕಿಸಿದರು. 1926ರಲ್ಲಿ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯನ್ನು ಹುಟ್ಟುಹಾಕಿದರು.

ಒಂದು ಹಳೇ ಹಡಗಿನ ಕಥೆ

ನೆಲದ ಕೆಲಸ ನಡೀತಾ ಇದ್ದಾಗಲೇ ಅವರ ಕಣ್ಣು ಸಮುದ್ರದ ಮೇಲೆ ಬಿತ್ತು. ನಮ್ಮ ಹತ್ತಿ, ನಮ್ಮ ಅಕ್ಕಿ, ನಮ್ಮ ಜನ ಹೋಗಬೇಕಾದರೆ ಹಡಗು ಬ್ರಿಟಿಷರದು. ಅವರು ಹೇಳಿದ್ದೇ ಬಾಡಿಗೆ. ಮೊದಲ ಮಹಾಯುದ್ಧ ಮುಗಿಯುವಾಗ ಗ್ವಾಲಿಯರ್ ಮಹಾರಾಜರ ಲಾಯಲ್ಟಿ ಎಂಬ ಹಡಗು ಮಾರಾಟಕ್ಕೆ ಬಂತು. ಅದು ಮೊದಲು ಕೆನಡಾ ಕಂಪನಿಯ ಪ್ರಯಾಣಿಕರ ಹಡಗು, ಯುದ್ಧದಲ್ಲಿ ಗಾಯಾಳುಗಳ ಆಸ್ಪತ್ರೆ. ವಯಸ್ಸು ಮೂವತ್ತರ ಹತ್ತಿರ. ವಾಲ್‌ಚಂದರು, ನರೋತ್ತಮ ಮೊರಾರ್ಜಿ ಮತ್ತು ಇನ್ನಿಬ್ಬರು ಸೇರಿ ಅದನ್ನು ಕೊಂಡರು. 1919ರಲ್ಲಿ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಹುಟ್ಟಿತು. ಅದೇ ವರ್ಷ ಏಪ್ರಿಲ್ 5ರಂದು ಲಾಯಲ್ಟಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ವಾಲ್‌ಚಂದರೂ ಅದರಲ್ಲೇ ಪ್ರಯಾಣ ಮಾಡಿದರು. ಪ್ರತಿ ವರ್ಷ ಏಪ್ರಿಲ್ 5ರಂದು ರಾಷ್ಟ್ರೀಯ ನೌಕಾಯಾನ ದಿನ ಅಂತ ಆಚರಿಸೋದು ಈ ಪ್ರಯಾಣದ ನೆನಪಿಗೇ.

ಹಡಗು ಹೊರಟಿತು, ಸರಿ. ಲಾಭ ಬಂತೇ? ಇಲ್ಲ. ಹಳೇ ಹಡಗು ಕಲ್ಲಿದ್ದಲು ನುಂಗಿತು, ರಿಪೇರಿ ನುಂಗಿತು. 1923ರಲ್ಲಿ ಅದು ಗುಜರಿಗೆ ಹೋಯಿತು. ಅಷ್ಟರಲ್ಲಿ ಲಾರ್ಡ್ ಇಂಚ್‌ಕೇಪರ ಬ್ರಿಟಿಷ್ ಇಂಡಿಯಾ ಕಂಪನಿ ಬಾಡಿಗೆಯನ್ನು ಪಾತಾಳಕ್ಕೆ ಇಳಿಸಿತ್ತು. ನಷ್ಟವಾದರೂ ಸರಿ, ಎದುರಾಳಿ ಮುಳುಗಲಿ ಅನ್ನೋ ಲೆಕ್ಕ. ಕೊನೆಗೆ 1923ರಲ್ಲಿ ಸಿಂಧಿಯಾ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಕರಾವಳಿಯ ಸರಕು ಸಾಗಣೆ ಮಾಡಿಕೊಂಡಿರಿ, ದೂರದ ಸಮುದ್ರಕ್ಕೆ ಬರಬೇಡಿ, ಹಡಗಿನ ಸಂಖ್ಯೆಗೂ ಮಿತಿ ಇರಲಿ ಅಂತ ಷರತ್ತು. ಅದು ಸೋಲೇ. ಆದರೆ ಕಂಪನಿ ಸಾಯಲಿಲ್ಲ. 1929ರಲ್ಲಿ ನರೋತ್ತಮ ಮೊರಾರ್ಜಿ ತೀರಿಕೊಂಡ ಮೇಲೆ ಚುಕ್ಕಾಣಿ ವಾಲ್‌ಚಂದರ ಕೈಗೆ ಬಂತು. ಹಡಗು ಕೊಳ್ಳೋದಷ್ಟೇ ಸಾಲದು, ಹಡಗು ಕಟ್ಟೋದನ್ನೂ ಕಲೀಬೇಕು ಅನ್ನೋ ಹಠ ಅವರಿಗೆ ಹತ್ತಿದ್ದು ಈ ಪೆಟ್ಟು ತಿಂದ ಮೇಲೆ.

ಆಕಾಶದಲ್ಲಿ ಸಿಕ್ಕ ಪಾಲುದಾರ

ಈಗ ನಮ್ಮೂರಿಗೆ ಬರೋಣ. ಬರೋ ದಾರಿ ಅಮೆರಿಕದ ಮೇಲಿಂದ!

1930ರ ದಶಕದಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯ ಯೋಜನೆ ತಯಾರಿಸಿ, ಯೂರೋಪು ಅಮೆರಿಕ ಸುತ್ತಿ ಬಂದಿದ್ದರು. ವಾಲ್‌ಚಂದರು ಅದಕ್ಕೆ ಕೈ ಜೋಡಿಸಿದ್ದರು. ಮೈಸೂರು ಸಂಸ್ಥಾನ ಬೆಂಬಲಕ್ಕೆ ತಯಾರು. ದೆಹಲಿಯ ಬ್ರಿಟಿಷ್ ಸರ್ಕಾರ ಅಡ್ಡಗಾಲು. ಇದೇ ಮೋಟಾರಿನ ವಿಚಾರವಾಗಿ 1939ರಲ್ಲಿ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದರು ಪೆಸಿಫಿಕ್ ಸಾಗರದ ಮೇಲೆ ವಿಮಾನದಲ್ಲಿ ವಾಪಸಾಗುತ್ತಿದ್ದರು. ಅದೇ ವಿಮಾನದಲ್ಲಿ ವಿಲಿಯಂ ಪಾಲೀ ಎಂಬ ಅಮೆರಿಕನ್ ವ್ಯಾಪಾರಿ ಇದ್ದ. ಚೀನಾ ದೇಶಕ್ಕೆ ವಿಮಾನ ಮಾರೋದು, ಅಲ್ಲೇ ಜೋಡಿಸಿ ಕೊಡೋದು ಅವನ ಕಸುಬು. ಮಾತಿಗೆ ಮಾತು ಬೆಳೆಯಿತು. ಚೀನಾದಲ್ಲಿ ಆಗೋದಾದರೆ ಹಿಂದುಸ್ತಾನದಲ್ಲಿ ಯಾಕಾಗಬಾರದು ಅನ್ನೋ ಪ್ರಶ್ನೆ ವಾಲ್‌ಚಂದರ ತಲೆ ಹೊಕ್ಕಿತು.

ದೆಹಲಿಯವರು ಮೊದಮೊದಲು ಕಿವಿಗೇ ಹಾಕಿಕೊಳ್ಳಲಿಲ್ಲ. 1940ರಲ್ಲಿ ಫ್ರಾನ್ಸ್ ಬಿದ್ದು ಯುದ್ಧದ ಬಿಸಿ ತಾಗಿದ ಮೇಲೆ ಕಿವಿ ತೆರೆಯಿತು.

ಬೆಂಗಳೂರೇ ಯಾಕೆ?

ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಜಾಣರು. ಬಂದ ಅವಕಾಶ ಬಿಡಲಿಲ್ಲ. ಸಂಸ್ಥಾನದಿಂದ ಸುಮಾರು 700 ಎಕರೆ ಜಮೀನು, 25 ಲಕ್ಷ ರೂ. ಬಂಡವಾಳ. ಶಿವನಸಮುದ್ರದ ವಿದ್ಯುತ್ ಊರಿಗೆ ಆಗಲೇ ಬಂದಿತ್ತು. ಟಾಟಾ ಇನ್‌ಸ್ಟಿಟ್ಯೂಟ್ ಇತ್ತು. ಹವೆ ಚೆನ್ನಾಗಿತ್ತು. ಸಮುದ್ರದಿಂದ ಶತ್ರು ಬಂದರೆ ಊರು ದೂರ. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮರುವರ್ಷ ಭಾರತ ಸರ್ಕಾರವೂ 25 ಲಕ್ಷ ಹಾಕಿ ಪಾಲುದಾರನಾಯಿತು. ಪಾಲೀ ಕಡೆಯಿಂದ ಯಂತ್ರ ಬಂತು, ಎಂಜಿನಿಯರುಗಳು ಬಂದರು. ಕೈಗಳು ಮಾತ್ರ ಇಲ್ಲಿಯವು. ವಿಮಾನವನ್ನು ಹತ್ತಿರದಿಂದ ನೋಡಿಯೇ ಇರದ ಹುಡುಗರು ರಿವೆಟ್ ಹೊಡೆಯೋದು ಕಲಿತರು. 1941ರಲ್ಲೇ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿಂದ ಹಾರಿತು. ಗಮನಿಸಿ, ಕಂಪನಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ.

ಆದರೆ ಸೇಠರ ಸಂತೋಷ ಬಹಳ ದಿನ ಉಳಿಯಲಿಲ್ಲ. ಜಪಾನೀಯರು ಬರ್ಮಾಕ್ಕೆ ನುಗ್ಗಿದರು. 1942ರ ಏಪ್ರಿಲ್‌ನಲ್ಲಿ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡು ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ದುಡ್ಡು ಬಂತು, ಕನಸು ಹೋಯಿತು. ಆಮೇಲೆ ಅಮೆರಿಕದ ಸೈನ್ಯ ಇಲ್ಲಿ ವಿಮಾನ ರಿಪೇರಿ ಮಾಡಿಸಿಕೊಂಡಿತು. ಪಾಲೀ ತನ್ನ ದಾರಿ ಹಿಡಿದ.

ಇಲ್ಲೇ ಇರೋದು ನೋಡಿ ವಿಷಯ. ಸೇಠರು ಹೋದರು, ಅಮೆರಿಕದವರು ಹೋದರು, ಬ್ರಿಟಿಷರೂ ಹೋದರು. ಕಾರ್ಖಾನೆ ಹೋಗಲಿಲ್ಲ. ಕಲಿತ ಕೈಗಳೂ ಇಲ್ಲೇ ಉಳಿದವು. ಸ್ವಾತಂತ್ರ್ಯ ಬಂದ ಮೇಲೆ ವಿಮಾನದ ಕೆಲಸ ಸಾಲದೆ ಬಂದಾಗ ಅದೇ ಕೈಗಳು ಬಸ್ಸಿನ ಬಾಡಿ ಕಟ್ಟಿದವು, ಉಕ್ಕಿನ ರೈಲು ಬೋಗಿ ಕಟ್ಟಿದವು. 1964ರಲ್ಲಿ ಆ ಬೋಗಿ ವಿಭಾಗವೇ ಬೆಮೆಲ್ ಪಾಲಿಗೆ ಹೋಯಿತು.

ಕಾರೂ ಬಂತು, ಹಡಗೂ ಇಳಿಯಿತು

ವಿಮಾನ ಕೈ ತಪ್ಪಿತೆಂದು ವಾಲ್‌ಚಂದರು ಮೂಲೆ ಹಿಡಿದು ಕೂರಲಿಲ್ಲ. ಹಡಗು ಕಟ್ಟೆಗೆ ಕಲ್ಕತ್ತದಲ್ಲಿ ಜಾಗ ಕೇಳಿದರು, ಸಿಗಲಿಲ್ಲ. ವಿಶಾಖಪಟ್ಟಣಕ್ಕೆ ಹೋದರು. 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲು ಹಾಕಿದರು. ಹತ್ತು ತಿಂಗಳೂ ತುಂಬಿರಲಿಲ್ಲ, ಆ ಊರಿನ ಮೇಲೆ ಜಪಾನೀ ಬಾಂಬು ಬಿತ್ತು. ಕೆಲಸ ನಿಂತಿತು, ಮತ್ತೆ ಶುರುವಾಯಿತು. 1948ರ ಮಾರ್ಚ್ 14ರಂದು ಜಲ ಉಷಾ ಎಂಬ 8,000 ಟನ್ನಿನ ಹಡಗನ್ನು ನೆಹರೂ ನೀರಿಗಿಳಿಸಿದರು. ಮುಂದೆ ಅದೂ ಸರ್ಕಾರದ ಪಾಲಾಯಿತು.

ಇನ್ನು ಕಾರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಆಯಿತು, ಆದರೆ ಬೆಂಗಳೂರಲ್ಲಲ್ಲ, ಮುಂಬಯಿಯ ಕುರ್ಲಾದಲ್ಲಿ. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಕಾರದಿಂದ ಕಾರು, ಲಾರಿ ಜೋಡಿಸಿದರು. ಆಮೇಲೆ ಇಟಲಿಯ ಫಿಯಟ್ ಬಂತು. ಅದರ ಮೊಮ್ಮಗಳೇ ನಮ್ಮ ಪದ್ಮಿನಿ ಕಾರು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ.

1949ರಲ್ಲಿ ವಾಲ್‌ಚಂದರಿಗೆ ಲಕ್ವ ಹೊಡೆಯಿತು. ಮರುವರ್ಷ ವ್ಯವಹಾರ ಬಿಟ್ಟುಕೊಟ್ಟರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಅವರನ್ನು ದೇವರು ಮಾಡೋದು ಬೇಡ. ಅವರು ವ್ಯಾಪಾರಿ, ಲಾಭ ಬೇಕು ಅಂತಲೇ ಮಾಡಿದರು. ಯುದ್ಧದ ಕಾಲದ ಸರ್ಕಾರಿ ಆರ್ಡರಿನ ಮೇಲೂ ಕಣ್ಣಿತ್ತು. ಆದರೆ ಲಾಭದ ಜತೆ ಊರಿಗೆ ಒಂದು ವಿದ್ಯೆಯನ್ನೂ ಬಿಟ್ಟುಹೋದರು.

ಹಳಿ ಇತ್ತು, ಬೋಗಿ ಇರಲಿಲ್ಲ

ಈಗ ನಮ್ಮ ಮೆಟ್ರೋ ನೋಡಿ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. ಆ ಬೋಗಿ ಒದಗಿಸಿದ್ದು ನಮ್ಮ ಬೆಮೆಲ್ಲು, ಕೊರಿಯಾದ ಹ್ಯುಂಡೈ ರೋಟೆಮ್ ಜತೆ ಸೇರಿ. ಹೊರದೇಶದ ವಿದ್ಯೆ, ಪಕ್ಕದ ತಿಪ್ಪಸಂದ್ರದ ಕಾರ್ಖಾನೆ. ವಾಲ್‌ಚಂದರು ಪಾಲೀ ಜತೆ ಹೂಡಿದ ಲೆಕ್ಕವೂ ಇದೇ ಜಾತಿಯದು.

ಹಳದಿ ಮಾರ್ಗದ ಕಥೆ ಬೇರೆ. 2019ರಲ್ಲಿ 216 ಬೋಗಿಗಳ ಗುತ್ತಿಗೆ ಚೀನಾದ ಕಂಪನಿಗೆ ಹೋಯಿತು. ಹೆಚ್ಚಿನವನ್ನು ಈ ದೇಶದಲ್ಲೇ ತಯಾರಿಸಬೇಕು ಅಂತ ಷರತ್ತಿತ್ತು. ಕಾರ್ಖಾನೆ ಏಳಲಿಲ್ಲ. ನಡುವೆ ಗಡಿಯ ಜಗಳ, ಕೊರೋನಾ. ಕೊನೆಗೆ ಕಲ್ಕತ್ತದ ಕಡೆಯ ಟಿಟಾಗಢ ಕಂಪನಿಯನ್ನು ಜತೆಗೆ ಹಾಕಿಕೊಂಡರು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್ ಹಳಿ ಸಿದ್ಧವಾಗಿ ಬಿಸಿಲು ಕಾಯುತ್ತಾ ಬಿದ್ದಿತ್ತು. ಓಡಲು ರೈಲಿಲ್ಲ! ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಜನ ತಲೆಯ ಮೇಲಿನ ಖಾಲಿ ಹಳಿ ನೋಡಿಕೊಂಡು ಬಸ್ಸಿನಲ್ಲಿ ಬೆಂದರು. 2025ರ ಆಗಸ್ಟ್ 10ರಂದು ಮಾರ್ಗ ಉದ್ಘಾಟನೆಯಾದಾಗ ಕೈಯಲ್ಲಿದ್ದದ್ದು ಮೂರೇ ರೈಲು.

ಹೊರಗಿನವರೇ ಬೇಡ ಅನ್ನೋದು ಈ ಕಥೆಯ ನೀತಿಯಲ್ಲ. ವಾಲ್‌ಚಂದರೂ ಹಾಗೆ ಅನ್ನಲಿಲ್ಲ. ಅಮೆರಿಕದವನನ್ನು ಕರೆತಂದರು, ಅವನ ಯಂತ್ರ ತಂದರು, ವಿದ್ಯೆ ತಂದರು. ಆದರೆ ಶೆಡ್ಡು ನಮ್ಮ ನೆಲದ ಮೇಲೆ ಎದ್ದಿತು, ಸುತ್ತಿಗೆ ನಮ್ಮ ಹುಡುಗರ ಕೈಗೆ ಬಂತು. ಅವನು ಹೊರಟುಹೋದಾಗ ಕೆಲಸ ನಿಲ್ಲದಿದ್ದದ್ದು ಅದಕ್ಕೇ.

ಮೆಟ್ರೋದ ಇನ್ನಷ್ಟು ಮಾರ್ಗಗಳು ಬರಲಿವೆ, ಇನ್ನಷ್ಟು ಟೆಂಡರುಗಳೂ ಬರಲಿವೆ. ದರ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಕಾರ್ಖಾನೆ ಎಲ್ಲಿ, ಯಾವ ತಿಂಗಳು ಬಾಗಿಲು ತೆರೆಯುತ್ತೆ, ನಮ್ಮವರು ಎಷ್ಟು ಮಂದಿ ಕಲೀತಾರೆ ಅಂತಲೂ ಕಾಗದ ಬರೆಯುವ ದಿನವೇ ಕೇಳಬೇಕು. ನಮ್ಮ ಎಂಎಲ್‌ಎಗಳು, ಎಂಪಿಗಳು ಕೇಳ್ತಾರೋ ಇಲ್ಲವೋ, ಬಸ್ಸಿನಲ್ಲಿ ನಿಂತ ನಾವಾದರೂ ಅವರನ್ನು ಕೇಳೋಣ.