ಯಲ್ಲಾಪ್ರಗಡ ಸುಬ್ಬರಾವ್: ಕೋಶವಿಭಜನೆಗೆ ತಡೆಯೊಡ್ಡಿದ ವಿಜ್ಞಾನಿ

ಪೆರ್ಲವನ್ನೊಳಗೊಂಡ ಕಾಸರಗೋಡು ಸೀಮೆಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಅದೇ ಪ್ರಾಂತದ ಭೀಮಾವರಂನಲ್ಲಿ 1895ರ ಜನವರಿ 12ರಂದು ಯಲ್ಲಾಪ್ರಗಡ ಸುಬ್ಬರಾವ್ ಜನಿಸಿದರು. ಮನೆಯಲ್ಲಿ ಬಡತನ, ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದುದು ಮೂರನೆಯ ಪ್ರಯತ್ನದಲ್ಲಿ. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟು ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದ ಅವರಿಗೆ ಎಂ.ಬಿ.ಬಿ.ಎಸ್. ಪದವಿಯ ಬದಲು ಕೆಳಮಟ್ಟದ ಎಲ್.ಎಂ.ಎಸ್. ಮಾತ್ರ ದೊರೆಯಿತು. ಇಬ್ಬರು ಸಹೋದರರನ್ನು ಸ್ಪ್ರೂ ಎಂಬ ಕರುಳಿನ ಬೇನೆ ಬಲಿತೆಗೆದುಕೊಂಡಿತು. ಉಂಡ ಅನ್ನ ಮೈಗೂಡದೆ ರಕ್ತ ಬತ್ತಿಹೋಗುವ ಆ ರೋಗಕ್ಕೆ ಅಂದು ಖಚಿತವಾದ ಮದ್ದಿರಲಿಲ್ಲ.

ಇಪ್ಪತ್ತರ ದಶಕದ ಆದಿಯಲ್ಲಿ ಅವರು ಅಮೆರಿಕದ ಬಾಸ್ಟನ್ ನಗರವನ್ನು ಸೇರಿದರು. ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಕೂಲಿ, ಹಗಲಿನಲ್ಲಿ ಹಾರ್ವರ್ಡ್‌ನಲ್ಲಿ ವ್ಯಾಸಂಗ. ಸೈರಸ್ ಫಿಸ್ಕೆಯವರೊಡನೆ 1925ರಲ್ಲಿ ರಂಜಕವನ್ನು ಅಳೆಯುವ ವಿಧಾನವನ್ನು ರೂಪಿಸಿದರು. 1929ರಲ್ಲಿ ಜೀವಕೋಶದ ಶಕ್ತಿಮೂಲವಾದ ಎ.ಟಿ.ಪಿ.ಯನ್ನು ಗುರುತಿಸಿದರು. ಹಾರ್ವರ್ಡ್‌ನಲ್ಲಿ ಸ್ಥಿರವಾದ ಹುದ್ದೆ ದೊರೆಯದಿರಲು, 1940ರಲ್ಲಿ ಲೆಡರ್ಲೆ ಪ್ರಯೋಗಾಲಯಕ್ಕೆ ತೆರಳಿದರು.

ಅಲ್ಲಿ ಅವರ ಮುಂದಾಳುತನದ ತಂಡವು 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸೊಪ್ಪು ಮತ್ತು ಯಕೃತ್ತಿನಲ್ಲಿರುವ ಈ ಜೀವಸತ್ವವೇ ಸ್ಪ್ರೂ ರೋಗಿಗಳ ರಕ್ತಹೀನತೆಗೆ ಮದ್ದಾಯಿತು. ಸಹೋದರರು ತೀರಿಕೊಂಡು ಕಾಲು ಶತಮಾನವೇ ಕಳೆದಿತ್ತು.

ಕೋಶವು ಎರಡಾಗುವ ಮೊದಲು ತನ್ನ ಡಿ.ಎನ್.ಎ.ಯನ್ನು ನಕಲು ಮಾಡಿಕೊಳ್ಳಬೇಕು. ಅದಕ್ಕೆ ಫೋಲಿಕ್ ಆಮ್ಲ ಬೇಕೇಬೇಕು. ಆದರೆ ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಇದೇ ಬಗೆಯ ವಸ್ತುಗಳನ್ನು ಕೊಟ್ಟಾಗ ರೋಗ ಉಲ್ಬಣಿಸಿದುದನ್ನು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಗಮನಿಸಿದರು. ಪೋಷಿಸುವ ವಸ್ತುವಿನಂತೆಯೇ ತೋರಿ ಕೋಶವನ್ನು ವಂಚಿಸುವ ವಸ್ತು ಬೇಕಾಯಿತು. ಸುಬ್ಬರಾವ್ ತಂಡ ಅಮಿನೋಪ್ಟೆರಿನ್ ಎಂಬ ಅಂಥ ಔಷಧವನ್ನು ಒದಗಿಸಿತು. ಅದು ಕಿಣ್ವಕ್ಕೆ ಅಂಟಿಕೊಂಡು ನಿಜವಾದ ಆಮ್ಲಕ್ಕೆ ಎಡೆಗೊಡದಿರಲು, ನಕಲು ನಿಂತು ವಿಭಜನೆಯೂ ನಿಂತಿತು. ಫಾರ್ಬರ್ ಅವರ 1948ರ ವರದಿಯಂತೆ, 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು. ಆ ಚೇತರಿಕೆ ತಾತ್ಕಾಲಿಕವಾದರೂ ಹೊಸದೊಂದು ದಾರಿ ತೆರೆದಿತ್ತು.

ಉಗ್ರಸ್ವರೂಪದ ಥೈರಾಯ್ಡ್ ಕ್ಯಾನ್ಸರಿಗೆ ಇಂದು ಬಳಸುವ ಔಷಧಗಳು ಬೇರೆಯವು. ಡಾಕ್ಸೊರುಬಿಸಿನ್ ಡಿ.ಎನ್.ಎ. ಎಳೆಗಳ ನಡುವೆ ತೂರಿ ನಕಲನ್ನು ಕೆಡಿಸುತ್ತದೆ. ಪ್ಯಾಕ್ಲಿಟಾಕ್ಸೆಲ್ ವರ್ಣತಂತುಗಳನ್ನು ಇಬ್ಭಾಗಿಸುವ ನೂಲುಗಳನ್ನು ಬಿಗಿಗೊಳಿಸುತ್ತದೆ. ಉಪಾಯ ಬೇರೆ, ಗುರಿ ಒಂದೇ. ಕೂದಲ ಬುಡ, ಕರುಳು, ಮಜ್ಜೆಗಳ ಕೋಶಗಳೂ ಬಿರುಸಿನಿಂದ ವಿಭಜಿಸುವುದರಿಂದ ಅವೂ ಪೆಟ್ಟು ತಿನ್ನುತ್ತವೆ. ಗಂಟಲಿನ ಆ ಗಡ್ಡೆ ಮಾತ್ರ ಇಂದಿಗೂ ಸುಲಭವಾಗಿ ಮಣಿಯುವುದಿಲ್ಲ.

ಫಾರ್ಬರ್ ಅವರ ವರದಿ ಪ್ರಕಟವಾದ ಎರಡೇ ತಿಂಗಳಲ್ಲಿ, 1948ರ ಆಗಸ್ಟಿನಲ್ಲಿ, ಸುಬ್ಬರಾವ್ 53ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ತಾಯ್ನಾಡಿಗೆ ಮರಳಿರಲೇ ಇಲ್ಲ. ಅವರ ತಂಡದ ಮತ್ತೊಂದು ಕೊಡುಗೆಯಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಕರಾವಳಿಯ ಆನೆಕಾಲು ರೋಗವನ್ನು ತಡೆಯಲು ಹಂಚುವ ಡಿ.ಇ.ಸಿ. ಮಾತ್ರೆಯೂ ಅವರ ಪ್ರಯೋಗಾಲಯದಿಂದಲೇ ಬಂದುದು. ಅದನ್ನು ನುಂಗಿದ ಎಷ್ಟೋ ಮಂದಿ ಅವರ ಹೆಸರನ್ನೇ ಕೇಳಿಲ್ಲ.