ಜೀವದಾನಿ ಬ್ಯಾಂಟಿಂಗ್

ನಮ್ಮ ಶರೀರದಲ್ಲಿ ನಾಳಗಳಿಲ್ಲದ ಕೆಲವು ಗ್ರಂಥಿಗಳಿವೆ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೇ ಸೇರಿಸುತ್ತವೆ. ಈ ರಸಗಳಿಗೆ ಹಾರ್ಮೋನುಗಳೆಂದು ಹೆಸರು. ಪ್ರಮಾಣದಲ್ಲಿ ಅತ್ಯಲ್ಪವಾದರೂ ದೇಹದ ಬೆಳವಣಿಗೆ, ಕಾವು, ಹಸಿವು ಮುಂತಾದವೆಲ್ಲ ಇವುಗಳ ಅಂಕೆಗೆ ಒಳಪಟ್ಟಿವೆ. ಇಂಥ ಒಂದು ರಸವನ್ನು ಹೊರತೆಗೆದು, ಸಾವಿನ ದವಡೆಯಲ್ಲಿದ್ದ ಮಕ್ಕಳನ್ನು ಉಳಿಸಿದವನು ಫ್ರೆಡರಿಕ್ ಬ್ಯಾಂಟಿಂಗ್. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ; ಆದರೂ ಇವನ ಚರಿತ್ರೆ ನನ್ನ ಮನಸ್ಸನ್ನು ಸೆಳೆದಿದೆ.

ಬ್ಯಾಂಟಿಂಗ್ 1891ನೆಯ ನವೆಂಬರ್ 14ರಂದು ಕೆನಡಾ ದೇಶದ ಆಲಿಸ್ಟನ್ ಎಂಬಲ್ಲಿ ಒಕ್ಕಲು ಮನೆತನದಲ್ಲಿ ಹುಟ್ಟಿದ. ಟೊರಾಂಟೊ ನಗರದಲ್ಲಿ ಮೊದಲು ನಮ್ಮಂತೆಯೇ ಕಲಾ ವಿಭಾಗಕ್ಕೆ ಸೇರಿ, ಮೊದಲ ವರ್ಷದಲ್ಲೇ ನಪಾಸಾದ. 1912ರಲ್ಲಿ ವೈದ್ಯವಿದ್ಯೆಗೆ ತಿರುಗಿದ. ಮೊದಲನೆಯ ಮಹಾಯುದ್ಧದಲ್ಲಿ ಸೇನಾವೈದ್ಯನಾಗಿ ದುಡಿದು, ಗಾಯಗೊಂಡು ಹಿಂದಿರುಗಿದ. 1920ರಲ್ಲಿ ದವಾಖಾನೆ ತೆರೆದರೆ ರೋಗಿಗಳೇ ಬರಲಿಲ್ಲ. ಹೊಟ್ಟೆಪಾಡಿಗೆ ಪಾಠ ಹೇಳತೊಡಗಿದ.

ಪಾಠದ ಸಿದ್ಧತೆಗಾಗಿ ಓದುತ್ತಿದ್ದಾಗ ಅವನ ಗಮನ ಮೇದೋಜೀರಕ ಗ್ರಂಥಿಯ ಮೇಲೆ ಬಿತ್ತು. ಈ ಗ್ರಂಥಿಯನ್ನು ತೆಗೆದುಹಾಕಿದ ನಾಯಿಗೆ ಮಧುಮೇಹ ಬರುವುದೆಂದು 1889ರಲ್ಲೇ ತಿಳಿದಿತ್ತು. ಅದರೊಳಗಿನ ಕೆಲವು ಕಣಗುಂಪುಗಳು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತವೆ. ಉಂಡಮೇಲೆ ರಕ್ತದಲ್ಲಿ ಸಕ್ಕರೆ ಏರಿದಾಗ ಅದನ್ನು ಮಾಂಸಖಂಡಗಳಿಗೆ ಒದಗಿಸುವುದು ಇನ್ಸುಲಿನ್ನಿನ ಕೆಲಸ. ಸಕ್ಕರೆ ಇಳಿದಾಗ ಅಲ್ಲಿಯದೇ ಇನ್ನೊಂದು ಹಾರ್ಮೋನು ಪಿತ್ತಜನಕಾಂಗದಿಂದ ಸಕ್ಕರೆ ಬಿಡಿಸುತ್ತದೆ. ಇನ್ಸುಲಿನ್ ಬತ್ತಿದರೆ ರಕ್ತದ ತುಂಬ ಸಕ್ಕರೆಯಿದ್ದೂ ದೇಹ ಉಪವಾಸ ಬಿದ್ದಂತೆ. ಕಣಜ ತುಂಬಿದ್ದರೂ ಬೀಗದ ಕೈ ಕಳೆದ ಮನೆಯ ಪಾಡು ಅದು.

ಆ ಗ್ರಂಥಿಯ ಜೀರ್ಣರಸವೇ ಇನ್ಸುಲಿನ್ನನ್ನು ಕೆಡಿಸುವುದೆಂದು ಭಾವಿಸಿದ ಬ್ಯಾಂಟಿಂಗ್, ಜೀರ್ಣರಸದ ನಾಳವನ್ನು ಕಟ್ಟುವ ಉಪಾಯ ಹೂಡಿದ. ಟೊರಾಂಟೊದ ಪ್ರಾಧ್ಯಾಪಕ ಮ್ಯಾಕ್ಲಿಯಡ್ ಪ್ರಯೋಗಶಾಲೆಯನ್ನೂ ನಾಯಿಗಳನ್ನೂ ಒದಗಿಸಿದ. ಬೆಸ್ಟ್ ಎಂಬ ತರುಣ ಜೊತೆಯಾದ. 1921ರ ಬೇಸಗೆಯೆಲ್ಲ ದುಡಿದರು. ನಾಳ ಕಟ್ಟುವ ಅಗತ್ಯವಿಲ್ಲವೆಂದು ಮುಂದೆ ಅವರಿಗೇ ತಿಳಿಯಿತು. ಕಸಾಯಿಖಾನೆಯ ದನಗಳ ಗ್ರಂಥಿಯಿಂದಲೇ ರಸ ತೆಗೆದರು. 1922ರ ಜನವರಿ 11ರಂದು 14 ವರ್ಷದ ಬಾಲಕನೊಬ್ಬನಿಗೆ ಅದನ್ನು ಚುಚ್ಚಿದಾಗ ಹೆಚ್ಚು ಗುಣ ಕಾಣಲಿಲ್ಲ. ಕಾಲಿಪ್ ಎಂಬ ರಸಾಯನಜ್ಞ ಅದನ್ನು ಶುದ್ಧಿಮಾಡಿಕೊಟ್ಟ ಬಳಿಕ, 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ.

ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮನಸ್ಸು ಮಾಡಿದ್ದರೆ ಕೋಟ್ಯಧೀಶರಾಗಬಹುದಿತ್ತು. ಅವರು ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಬರೆದುಕೊಟ್ಟರು. 1923ರಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್‌ಗೆ ನೊಬೆಲ್ ಪಾರಿತೋಷಕ ಬಂದಾಗ, ಬೆಸ್ಟ್‌ನನ್ನು ಬಿಟ್ಟರೆಂದು ಸಿಟ್ಟಾದ ಬ್ಯಾಂಟಿಂಗ್ ತನ್ನ ಪಾಲಿನ ಹಣದಲ್ಲಿ ಅವನಿಗೆ ಅರ್ಧ ಕೊಟ್ಟ. ಮ್ಯಾಕ್ಲಿಯಡ್ ಕೂಡ ಕಾಲಿಪ್‌ನೊಡನೆ ಹಂಚಿಕೊಂಡ. 1941ರ ಫೆಬ್ರವರಿಯಲ್ಲಿ ವಿಮಾನಾಪಘಾತದಲ್ಲಿ ಬ್ಯಾಂಟಿಂಗ್ ತೀರಿಕೊಂಡಾಗ ಅವನಿಗೆ 49 ವರ್ಷ. ಅವನ ಹುಟ್ಟುಹಬ್ಬವೇ ಈಗ ವಿಶ್ವ ಮಧುಮೇಹ ದಿನ.

ನನ್ನ ದೊಡ್ಡಮ್ಮನ ಮಗಳು ಎಂಟನೆಯ ವಯಸ್ಸಿನಿಂದ ಈ ಚುಚ್ಚುಮದ್ದಿನಿಂದಲೇ ಬದುಕಿದ್ದಾಳೆ. ಫ್ರಿಜ್ಜಿಲ್ಲದ ಆ ಮನೆಯಲ್ಲಿ ಔಷಧದ ಸೀಸೆಯನ್ನು ಮಣ್ಣಿನ ಮಡಕೆಯ ತಂಪಿನಲ್ಲಿಡುತ್ತಾರೆ. ಸುಗ್ಗಿ ಕೈಕೊಟ್ಟ ವರ್ಷ ದೊಡ್ಡಪ್ಪನಿಗೆ ಮೊದಲು ನೆನಪಾಗುವುದು ಬೀಜದ ಸಾಲವಲ್ಲ, ಈ ಸೀಸೆಯ ಬೆಲೆ. ಒಂದು ಡಾಲರಿಗೆ ಬಿಟ್ಟುಕೊಟ್ಟ ವಸ್ತು ಬಡವರ ಕೈಗೆ ಸುಲಭವಾಗಿ ಎಟುಕುವಂತೆ ಮಾಡುವ ಕೆಲಸ ಇನ್ನೂ ಉಳಿದಿದೆ. ಅದು ವೈದ್ಯರೊಬ್ಬರ ಹೊಣೆಯಲ್ಲ. ಕಲಾ ವಿಭಾಗದಲ್ಲಿ ಓದಿ ನಾಳೆ ಕಚೇರಿಗಳಲ್ಲಿ ಕೂರಲಿರುವ ನಮ್ಮದೂ ಹೌದು.