ಸಾವಿಲ್ಲದವರ ಕಥೆ ಬರೆದ ಮೇಷ್ಟ್ರು

'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾ ನೋಡಿದವರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿದ್ದಾರೆ. ಆ ಕಥೆಯನ್ನು ಬರೆದವರು ಒಬ್ಬ ಮೇಷ್ಟ್ರು, ಅದರ ಹಿಂದೆ ಶಾಲಾ ದಿನಗಳ ಗೆಳೆತನವೊಂದಿದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರ ಬದುಕನ್ನು ಪರಿಚಯಿಸಲು ಇಚ್ಛಿಸುತ್ತೇನೆ.

ಜೆ.ಆರ್.ಆರ್. ಟೋಲ್ಕಿನ್ 1892ರ ಜನವರಿ 3ರಂದು ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ ಹುಟ್ಟಿದರು. ತಾಯಿಯೊಡನೆ ಇಂಗ್ಲೆಂಡಿಗೆ ಬಂದ ಮರುವರ್ಷವೇ ತಂದೆ ತೀರಿಕೊಂಡರು. ಮನೆಯಲ್ಲೇ ಲ್ಯಾಟಿನ್ ಕಲಿಸಿ ಭಾಷೆಗಳ ರುಚಿ ಹತ್ತಿಸಿದ ತಾಯಿ 1904ರಲ್ಲಿ ಸಕ್ಕರೆ ಕಾಯಿಲೆಗೆ ಬಲಿಯಾದರು. ಆಗಿನ್ನೂ ಇನ್ಸುಲಿನ್ ಬಂದಿರಲಿಲ್ಲ. ಹನ್ನೆರಡು ವರ್ಷದ ಹುಡುಗನನ್ನೂ ಅವನ ತಮ್ಮನನ್ನೂ ಒಬ್ಬ ಪಾದ್ರಿ ಸಲಹಿದರು.

ಬರ್ಮಿಂಗ್‌ಹ್ಯಾಮ್‌ನ ಕಿಂಗ್ ಎಡ್ವರ್ಡ್ಸ್ ಶಾಲೆಯಲ್ಲಿ ಅವರದು ನಾಲ್ವರ ಆಪ್ತ ಕೂಟ. ಲೈಬ್ರರಿಯಲ್ಲಿ ಚಹಾ ಕಾಯಿಸಿಕೊಂಡು ಕಾವ್ಯ ಮಾತಾಡುತ್ತಿದ್ದ ಹುಡುಗರು ಅವರು. ಮೊದಲನೇ ಮಹಾಯುದ್ಧ ನಾಲ್ವರನ್ನೂ ಸೆಳೆದುಕೊಂಡಿತು. 1916ರಲ್ಲಿ ಇಬ್ಬರು ಫ್ರಾನ್ಸಿನಲ್ಲಿ ಮಡಿದರು. ಅವರಲ್ಲೊಬ್ಬ, ತಾನು ಉಳಿಯದಿದ್ದರೂ ತಾವೆಲ್ಲ ಹೇಳಬೇಕೆಂದಿದ್ದನ್ನು ಟೋಲ್ಕಿನ್ ಹೇಳಲಿ ಎಂದು ಮೊದಲೇ ಪತ್ರ ಬರೆದಿದ್ದ. ಸೋಮ್ ಕದನದಿಂದ ಜ್ವರ ಹತ್ತಿ ಮರಳಿದ ಟೋಲ್ಕಿನ್, ಆ ವಿಶ್ರಾಂತಿಯ ದಿನಗಳಲ್ಲೇ ಎಲ್ಫ್‌ಗಳ ಕಥೆಗಳನ್ನು ಬರೆಯತೊಡಗಿದರು.

ನಮ್ಮ ಗಂಧರ್ವರನ್ನು ನೆನೆದರೆ ಎಲ್ಫ್‌ಗಳು ಸ್ವಲ್ಪ ಅರ್ಥವಾಗುತ್ತಾರೆ. ಅವರಿಗೆ ಮುಪ್ಪಿಲ್ಲ, ಆಯುಧದಿಂದಲೋ ದುಃಖದಿಂದಲೋ ಅಳಿದಾರೇ ಹೊರತು ಕಾಲ ಅವರನ್ನು ಕೊಲ್ಲದು. ಮನುಷ್ಯರಿಗೆ ಮಾತು, ಕಲೆ, ವಿದ್ಯೆ ಕಲಿಸಿದವರು ಅವರೇ. ಎರಡೂ ಕುಲದ ರಕ್ತವಿದ್ದ ಎಲ್ರೋಸ್ ಮನುಷ್ಯನಾಗಿ ಸಾಯುವುದನ್ನೇ ಆರಿಸಿಕೊಂಡು ನೂಮೆನೋರ್ ದ್ವೀಪದ ಮೊದಲ ದೊರೆಯಾದ. ಎಲ್ಫ್‌ಗಳು ಹಡಗಿನಲ್ಲಿ ಬಂದು ಆ ನಾಡಿಗೆ ಉಡುಗೊರೆ ತರುತ್ತಿದ್ದರು.

ಸ್ನೇಹ ಕೆಟ್ಟದ್ದು ಭೂಮಿಗಾಗಿ ಅಲ್ಲ, ಬಂಗಾರಕ್ಕಾಗಿಯೂ ಅಲ್ಲ. ಅವರಿಗೆ ಸಾವಿಲ್ಲ, ನಮಗೇಕೆ ಎಂಬ ಕೊರಗು ದೊರೆಗಳನ್ನು ಹಿಡಿಯಿತು. ಮುಂದೆ ಎಲ್ಫ್‌ಗಳ ಭಾಷೆಯನ್ನೇ ನಿಷೇಧಿಸಿದರು. ಕೊನೆಯ ದೊರೆ ಸೌರಾನನ ಮಾತು ಕೇಳಿ ಸಾವಿಲ್ಲದವರ ನಾಡಿನ ಮೇಲೆ ದಂಡೆತ್ತಿ ಹೋದ. ದ್ವೀಪವೇ ಕಡಲಿನಲ್ಲಿ ಮುಳುಗಿತು. ಎಲ್ಫ್‌ಗಳ ಸ್ನೇಹ ಬಿಡದ ಎಲೆಂಡಿಲ್ ಒಂಬತ್ತು ಹಡಗುಗಳಲ್ಲಿ ತನ್ನವರೊಡನೆ ಪಾರಾಗಿ, ಮುಂದೆ ಎಲ್ಫ್ ದೊರೆಯ ಜೊತೆ ಸೇರಿ ಸೌರಾನನ ವಿರುದ್ಧ ಹೋರಾಡಿ ಮಡಿದ.

ನನಗೆ ಇಲ್ಲಿ ಮುಖ್ಯವೆನಿಸುವುದು ಒಂದು ಮಾತು. ಚಿಕ್ಕಂದಿನಿಂದಲೇ ತನ್ನವರನ್ನು ಕಳೆದುಕೊಂಡ ಈ ಲೇಖಕ ಸಾವನ್ನು ಶಾಪವೆನ್ನಲಿಲ್ಲ. ಅವರ ಕಥೆಯಲ್ಲಿ ಅದು ಮನುಷ್ಯನಿಗೆ ಸೃಷ್ಟಿಕರ್ತ ಕೊಟ್ಟ ಕೊಡುಗೆ. ಎಲ್ಲರೂ ಹೋದ ಮೇಲೂ ಉಳಿದು ನೆನಪು ಹೊರಬೇಕಾದ ಎಲ್ಫ್‌ಗಳ ಬಾಳೇನೂ ಹಗುರವಲ್ಲ. ನಾಲ್ವರಲ್ಲಿ ಉಳಿದವರಿಗೆ ಈ ಭಾರ ತಿಳಿದಿರಲೇಬೇಕು.

ಟೋಲ್ಕಿನ್ 1925ರಿಂದ 1959ರವರೆಗೆ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಹಳೆಯ ಇಂಗ್ಲಿಷ್ ಪಾಠ ಮಾಡುತ್ತಲೇ ಎಲ್ಫ್‌ಗಳಿಗಾಗಿ ವ್ಯಾಕರಣ ಸಮೇತ ಭಾಷೆಗಳನ್ನು ಕಟ್ಟಿದರು. ಒಂದಕ್ಕೆ ಫಿನ್ನಿಷ್, ಇನ್ನೊಂದಕ್ಕೆ ವೆಲ್ಷ್ ನುಡಿ ಪ್ರೇರಣೆ. 1937ರಲ್ಲಿ 'ಹಾಬಿಟ್', 1954–55ರಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್' ಹೊರಬಂದವು. ನೂಮೆನೋರ್ ಕಥೆಯಿರುವ 'ಸಿಲ್ಮರಿಲಿಯನ್' ಅವರ ಕಾಲಾನಂತರ, 1977ರಲ್ಲಿ, ಮಗ ಕ್ರಿಸ್ಟೋಫರ್ ಶ್ರಮದಿಂದ ಪ್ರಕಟವಾಯಿತು.

ಅದೇ ಪುಸ್ತಕದಲ್ಲಿ ಬೆರೆನ್ ಎಂಬ ಮನುಷ್ಯನಿಗಾಗಿ ಅಮರತ್ವವನ್ನೇ ಬಿಟ್ಟುಕೊಟ್ಟ ಎಲ್ಫ್ ಕನ್ಯೆ ಲೂಥಿಯೆನ್ ಕಥೆಯಿದೆ. ಯುದ್ಧದ ದಿನಗಳಲ್ಲಿ ಕಾಡಿನ ನಡುವೆ ಪತ್ನಿ ಎಡಿತ್ ಕುಣಿದದ್ದನ್ನು ಕಂಡು ಹುಟ್ಟಿದ ಕಥೆ ಅದು. ಎಡಿತ್ 1971ರಲ್ಲಿ, ಟೋಲ್ಕಿನ್ 1973ರ ಸೆಪ್ಟೆಂಬರ್ 2ರಂದು ನಿಧನರಾದರು. ಆಕ್ಸ್‌ಫರ್ಡ್‌ನ ವುಲ್ವರ್‌ಕೋಟ್ ಸ್ಮಶಾನದಲ್ಲಿ ಇಬ್ಬರಿಗೂ ಒಂದೇ ಸಮಾಧಿ. ಕಲ್ಲಿನ ಮೇಲೆ ಆಕೆಯ ಹೆಸರಿನ ಕೆಳಗೆ ಲೂಥಿಯೆನ್ ಎಂದೂ ಅವರ ಹೆಸರಿನ ಕೆಳಗೆ ಬೆರೆನ್ ಎಂದೂ ಕೆತ್ತಲಾಗಿದೆ.